ಲಾಸ್ ಅಂದ್ಕೊಂಡು ನಾನು ಕಳಚಿ ತೆಗೆದ ಆ ಸಣ್ಣ ತುಂಡು

ಗಾಜಿನ ಎಳೆಯಲ್ಲಿ ಬೆಳಕು ಕಳಿಸಿ ನೆಟ್ ಕೊಡುವ ಫೈಬರ್ ಕೆಲಸಕ್ಕೆ ಸೇರಿ ಎರಡನೇ ವರ್ಷ. ಬೈಕಂಪಾಡಿ ಕಡೆಯ ಒಂದು ಫ್ಯಾಕ್ಟರಿಯಿಂದ ಕಂಪ್ಲೇಂಟ್ ಬಂತು, ಆಫೀಸಿಗೂ ಗೋಡೌನಿಗೂ ನಡುವೆ ನೆಟ್ ಆಗಾಗ ಕಟ್ ಆಗ್ತದೆ ಅಂತ. ಎರಡು ಬಿಲ್ಡಿಂಗ್ ನಡುವೆ ಹೆಚ್ಚಂದ್ರೆ 800 ಮೀಟರ್. ಸಂಜೆ ಹೊತ್ತು, ಜೋರು ಮಳೆ ಬೇರೆ, ನಾನೊಬ್ಬನೇ ಹೋದದ್ದು. ಗೋಡೌನಿನ ರಾಕ್ ಬಾಗಿಲು ತೆಗೆದು ಪ್ಯಾಚ್ ಕಾರ್ಡ್ (ಜೋಡಿಸುವ ಗಿಡ್ಡ ಫೈಬರ್ ವಯರ್) ಬಿಡಿಸಿ ಪವರ್ ಮೀಟರಿಗೆ ಹಾಕಿದ್ರೆ ಮೈನಸ್ 9 ಡಿಬಿಎಂ. ಅದು ಬೆಳಕಿನ ಬಲದ ಅಳತೆ, ಮೈನಸ್ ಜಾಸ್ತಿ ಆದಷ್ಟು ಬೆಳಕು ಕಮ್ಮಿ. ಇಷ್ಟು ಹತ್ತಿರಕ್ಕೆ ಇಷ್ಟೊಂದು ಲಾಸಾ, ದಾರಿಯಲ್ಲೇ ಇಷ್ಟು ಬೆಳಕು ಹೋಯ್ತಾ ಅಂತ ಒಂದೊಂದೇ ಕನೆಕ್ಟರ್ ನೋಡ್ತಾ ಹೋದಾಗ ಅಡಾಪ್ಟರಿಗೂ ಪ್ಯಾಚ್ ಕಾರ್ಡಿಗೂ ನಡುವೆ ಕಿರುಬೆರಳ ತುದಿಯಷ್ಟು ಉದ್ದದ ಒಂದು ತುಂಡು ಸಿಕ್ಕಿತು, ಮೇಲೆ 10 ಡಿಬಿ ಅಂತ ಪ್ರಿಂಟ್ ಉಂಟು. ಅಟೆನ್ಯುಯೇಟರ್. ಅಟೆನ್ಯುಯೇಶನ್ ಅಂದ್ರೆ ಸಿಗ್ನಲ್ ಕುಗ್ಗುವುದು, ಕುಗ್ಗುವುದು ಅಂದ್ರೆ ಫಾಲ್ಟ್, ಅಷ್ಟೇ ನನಗೆ ಆಗ ಗೊತ್ತಿದ್ದದ್ದು. ಕಳಚಿ ತೆಗೆದೆ. ಮೀಟರಿನಲ್ಲಿ ಪ್ಲಸ್ 1. ಖುಷಿಯಲ್ಲಿ ಪ್ಯಾಚ್ ಕಾರ್ಡ್ ನೆಟ್‌ವರ್ಕ್ ಸ್ವಿಚ್ಚಿಗೆ ಹಾಕಿದೆ, ಲಿಂಕ್ ಲೈಟ್ ನಾಲ್ಕೈದು ಸಲ ಮಿಣುಕಿ ಪೂರ್ತಿ ಆರಿಹೋಯ್ತು.

ಸೀನಿಯರ್‌ಗೆ ಫೋನ್ ಮಾಡಿದೆ. "ಅಣ್ಣ, ಲಾಸ್ ತೆಗ್ದೆ, ಈಗ ಲಿಂಕೇ ಇಲ್ಲ" ಅಂದೆ. ಒಂದು ನಿಮಿಷ ಮಾತಾಡ್ಲಿಲ್ಲ. ಆಮೇಲೆ "ಮಾರಾಯ, ಅದು ಬೇಕೂಂತಲೇ ಹಾಕಿದ್ದು. ಅಲ್ಲಿರುವುದು 80 ಕಿಲೋಮೀಟರಿನ ಎಸ್‌ಎಫ್‌ಪಿ, ಅವತ್ತು ಸ್ಟಾಕಲ್ಲಿ ಬೇರೆ ಇರ್ಲಿಲ್ಲ. ಚೆಂಡೆಯ ಬುಡದಲ್ಲೇ ಕೂತ್ರೆ ಭಾಗವತರ ಪದ ಕೇಳ್ತದಾ?" ಅಂದ್ರು.

ಎಸ್‌ಎಫ್‌ಪಿ ಅಂದ್ರೆ ಸ್ವಿಚ್ಚಿಗೆ ಸಿಕ್ಕಿಸುವ, ಬೆಳಕು ಬಿಡುವ ಮತ್ತು ಹಿಡಿಯುವ ಸಣ್ಣ ಮಾಡ್ಯೂಲ್. ಆ ಎಸ್‌ಎಫ್‌ಪಿ 80 ಕಿಲೋಮೀಟರ್ ದಾಟ್ಲಿಕ್ಕೆ ಅಂತ ಜೋರಾಗಿ ಬೆಳಕು ಬಿಡ್ತದೆ, ಆ ಕಡೆ ಇರುವ ರಿಸೀವರ್ ದೂರದಿಂದ ಬಂದ ಸಣ್ಣ ಬೆಳಕು ಹಿಡೀಲಿಕ್ಕೆ ಮಾಡಿದ್ದು, ಮೈನಸ್ 3ಕ್ಕಿಂತ ಜೋರಾಗಿ ಬಂದ್ರೆ ಅದಕ್ಕೆ ಒಂದು ಯಾವುದು ಸೊನ್ನೆ ಯಾವುದು ಅಂತ ತಿಳಿಯುವುದಿಲ್ಲ, ತುಂಬಾ ಜಾಸ್ತಿ ಆದ್ರೆ ಸುಟ್ಟೂ ಹೋಗಬಹುದು. 10 ಡಿಬಿ ತುಂಡು ಹತ್ತು ಪಾಲಿನಲ್ಲಿ ಒಂದು ಪಾಲು ಬೆಳಕು ಮಾತ್ರ ಒಳಗೆ ಬಿಡ್ತಿತ್ತು, ಅದ್ರಿಂದಲೇ ಲಿಂಕ್ ನಿಂತಿದ್ದದ್ದು. ಪುಣ್ಯಕ್ಕೆ ಸುಟ್ಟಿರ್ಲಿಲ್ಲ, ತುಂಡನ್ನು ಕ್ಲೀನ್ ಮಾಡಿ ವಾಪಸ್ ಹಾಕಿದ ಕೂಡ್ಲೇ ಲೈಟ್ ಬಂತು. ನಿಜವಾದ ಫಾಲ್ಟ್ ಯುಪಿಎಸ್ ಬ್ಯಾಟರಿಯದ್ದು, ಕರೆಂಟ್ ಒಮ್ಮೆ ಕಣ್ಣು ಮುಚ್ಚಿ ತೆಗೆದ್ರೂ ಸ್ವಿಚ್ ರೀಸ್ಟಾರ್ಟ್ ಆಗ್ತಿತ್ತು.

ನಾನು ಹಾಗೆ ಯೋಚನೆ ಮಾಡಿದ್ದಕ್ಕೆ ಕಾರಣ ಇಲ್ಲ ಅಂತಲ್ಲ. ನಮ್ಮ ಇಡೀ ಲೈನೇ ಲಾಸ್ ಜೊತೆ ಗುದ್ದಾಡಿ ಹುಟ್ಟಿದ್ದು. 1966ರಲ್ಲಿ ಚಾರ್ಲ್ಸ್ ಕಾವೋ ಅವರು ಗಾಜಿನ ಎಳೆಯಲ್ಲಿ ಲಾಸನ್ನು ಕಿಲೋಮೀಟರಿಗೆ 20 ಡಿಬಿಗೆ ಇಳಿಸಿದ್ರೆ ಮಾತುಕತೆ ಕಳಿಸಬಹುದು ಅಂತ ಬರೆದ್ರು, ಅಂದ್ರೆ ಒಂದು ಕಿಲೋಮೀಟರ್ ಹೋಗುವಾಗ ನೂರರಲ್ಲಿ ಒಂದು ಪಾಲು ಬೆಳಕು ಉಳಿದ್ರೂ ಸಾಕು ಅಂತ, 1970ರಲ್ಲಿ ಕಾರ್ನಿಂಗ್ ಕಂಪನಿಯವರು ಅದನ್ನು ಮಾಡಿ ತೋರಿಸಿದ್ರು. ಇವತ್ತು ನಾವು ಎಳೆಯುವ ಕೇಬಲಿನಲ್ಲಿ 1550 ನ್ಯಾನೋಮೀಟರ್ ಅಲೆಯುದ್ದದ ಬೆಳಕಿಗೆ ಕಿಲೋಮೀಟರಿಗೆ ಬರೀ 0.2 ಡಿಬಿ ಲಾಸ್. ಆದ್ರೂ ಮಳೆಗಾಲ ಬಂತಂದ್ರೆ ತೆಂಗಿನ ಮಡಲು ಕೇಬಲಿನ ಮೇಲೆ ಬಿದ್ದು, ಮನೆಯಲ್ಲಿ ಟಿವಿ ಸ್ಟ್ಯಾಂಡಿನ ಹಿಂದೆ ಕೇಬಲನ್ನು ಸುತ್ತಿ ಬಿಗಿಯಾಗಿ ಟ್ಯಾಗ್ ಹಾಕಿ, ಮೋಡೆಮಿನಲ್ಲಿ ಕೆಂಪು ಲೈಟ್. ದಿನಾ ಇದನ್ನೇ ನೋಡುವವನಿಗೆ ಲಾಸ್ ಅಂದ್ರೆ ಶತ್ರು ಅಂತಲೇ ಕೂತಿರ್ತದೆ.

ಅಟೆನ್ಯುಯೇಶನ್ ಅನ್ನುವ ಅದೇ ಪದ ಇನ್ನೊಂದು ಸಲ ಎದುರಾದದ್ದು ಅಪ್ಪನ ಸಿಟಿ ಸ್ಕ್ಯಾನ್ ರಿಪೋರ್ಟಿನಲ್ಲಿ. ಲಿವರಿನಲ್ಲಿ "ಹೈಪೋ ಅಟೆನ್ಯುಯೇಟಿಂಗ್" ಜಾಗ ಉಂಟು ಅಂತ ಬರೆದಿದ್ರು. ಹೈಪೋ ಅಂದ್ರೆ ಕಡಿಮೆ ಅಂತ ಗೊತ್ತಿತ್ತು, ಲಾಸ್ ಕಡಿಮೆ ಅಂದ್ರೆ ಒಳ್ಳೆದೇ ಅಲ್ವಾ ಅಂತ ಅಮ್ಮನಿಗೆ ಧೈರ್ಯ ಹೇಳಿದೆ. ಹೇಳಿದ ಮೇಲೆ ಗೋಡೌನಿನ ಆ ತುಂಡು ನೆನಪಾಗಿ ರಾತ್ರಿ ನಿದ್ದೆ ಬರ್ಲಿಲ್ಲ. ಮರುದಿನ ಡಾಕ್ಟರ್ ಹತ್ರ ನೇರ ಕೇಳಿದೆ, "ಸರ್, ಇಲ್ಲಿ ಎಂತದು ಕುಗ್ಗುವುದು?" ಅಂತ. ಅವರು ಬೇಸರ ಮಾಡದೆ ಕಂಪ್ಯೂಟರಿನಲ್ಲಿ ಫಿಲ್ಮ್ ತೆಗೆದು ತೋರಿಸಿದ್ರು. ಎಕ್ಸ್‌ರೇ ಮೈಯೊಳಗೆ ಹಾದುಹೋಗುವಾಗ ಎಲುಬಿನಲ್ಲಿ ತುಂಬಾ ಕುಗ್ತದೆ, ಗಾಳಿಯಲ್ಲಿ ಕುಗ್ಗುವುದೇ ಇಲ್ಲ ಅನ್ನಬಹುದು, ಆ ವ್ಯತ್ಯಾಸದಿಂದಲೇ ಚಿತ್ರ ಬರುವುದು. ನೀರಿಗೆ 0, ಗಾಳಿಗೆ ಮೈನಸ್ 1000 ಅಂತ ಅಳತೆ, ಅದಕ್ಕೆ ಹೌನ್ಸ್‌ಫೀಲ್ಡ್ ಯೂನಿಟ್ ಅಂತ ಹೆಸರು. ಅಪ್ಪನ ಲಿವರಿನಲ್ಲಿ ಕಪ್ಪಾಗಿ ಕಂಡದ್ದು ಹೆಚ್ಚುಕಡಿಮೆ ನೀರಿನ ಅಳತೆಯಲ್ಲೇ ಇತ್ತು, ನೀರು ತುಂಬಿದ ಸಣ್ಣ ಗುಳ್ಳೆ, ಹೆದರಬೇಡಿ ಅಂದ್ರು. ಕಡಿಮೆ ಅಂದದ್ದು ಒಳ್ಳೆದೂ ಅಲ್ಲ ಕೆಟ್ಟದ್ದೂ ಅಲ್ಲ, ಪಕ್ಕದ ಮಾಂಸಕ್ಕಿಂತ ಎಕ್ಸ್‌ರೇ ಅಲ್ಲಿ ಕಮ್ಮಿ ತಡೆಯಾಗಿದೆ ಅಂತ ಮಾತ್ರ. ನಮ್ಮಲ್ಲಿ ಕುಗ್ಗಿದ್ರೆ ಸುದ್ದಿ ಹೋಗ್ತದೆ, ಅವರಲ್ಲಿ ಕುಗ್ಗಿದ್ದೇ ಸುದ್ದಿ. ಎಕ್ಸ್‌ರೇ ಎಲ್ಲಾ ಕಡೆ ಒಂದೇ ಸಮ ಹಾದುಹೋಗಿದ್ರೆ ಆ ಫಿಲ್ಮಿನಲ್ಲಿ ಏನೂ ಕಾಣ್ತಿರ್ಲಿಲ್ಲ.

ಮಗಳಿಗೆ ಒಂಬತ್ತು ತಿಂಗಳಿಗೆ ಎಂಆರ್ (ದಡಾರ-ರುಬೆಲ್ಲಾ) ಲಸಿಕೆ ಹಾಕಿಸುವಾಗ ಅತ್ತೆ ಗಾಬರಿಯಾದ್ರು, ಜೀವ ಇರುವ ವೈರಸ್ಸನ್ನೇ ಮಗುವಿಗೆ ಚುಚ್ಚುವುದಂತೆ ಅಂತ. ನರ್ಸಕ್ಕ ಸಮಾಧಾನದಲ್ಲಿ ಹೇಳಿದ್ರು, "ಜೀವ ಉಂಟಮ್ಮ, ಆದ್ರೆ ಅದರ ಹಲ್ಲು ಕಿತ್ತಾಗಿದೆ, ರೋಗ ತರುವಷ್ಟು ಶಕ್ತಿ ಇಲ್ಲ, ಮೈಗೆ ಗುರುತು ಹಿಡೀಲಿಕ್ಕೆ ಮಾತ್ರ" ಅಂತ. ಅದಕ್ಕೂ ಅಟೆನ್ಯುಯೇಟೆಡ್ ಅಂತಲೇ ಹೇಳುವುದು. ಹುಟ್ಟಿದ ಮಗುವಿಗೆ ಕೊಡುವ ಕ್ಷಯದ ಲಸಿಕೆ ಬಿಸಿಜಿಯೂ ಹಾಗೇ, ಕಾಲ್ಮೆಟ್ ಮತ್ತು ಗೆರಾನ್ ಅಂತ ಇಬ್ಬರು 1908ರಿಂದ 1921ರವರೆಗೆ ದನದ ಕ್ಷಯದ ಬ್ಯಾಕ್ಟೀರಿಯಾವನ್ನು ಪಿತ್ತರಸ ಸೇರಿಸಿದ ಆಲೂಗಡ್ಡೆಯ ಮೇಲೆ 230 ಸಲ ಮತ್ತೆ ಮತ್ತೆ ಬೆಳೆಸಿ ಅದರ ಬಲ ಕುಂದಿಸಿದ್ರು. ಹದಿಮೂರು ವರ್ಷ ಕೂತು ಕುಗ್ಗಿಸುವುದು ಅಂದ್ರೆ ಎಂತ ತಾಳ್ಮೆ ನೋಡಿ. ಇದನ್ನು ಕನ್ನಡದಲ್ಲಿ ಬರೀ "ದುರ್ಬಲ ಲಸಿಕೆ" ಅಂತ ಬರೆದ್ರೆ ಓದಿದವರು ಕೆಲಸಕ್ಕೆ ಬಾರದ ಲಸಿಕೆ ಅಂದ್ಕೊಳ್ತಾರೆ. ದುರ್ಬಲ ಆದದ್ದು ರೋಗಾಣು, ಲಸಿಕೆ ಅಲ್ಲ. ಅಷ್ಟನ್ನು ಬಿಡಿಸಿ ಬರೀಲೇಬೇಕು.

ಅಟೆನ್ಯುಯೇಶನ್ ಅನ್ನುವ ಈ ಪದದ ಬುಡ ಲ್ಯಾಟಿನಿನ ತೆನುಯಿಸ್, ಅಂದ್ರೆ ತೆಳು. ಸಂಸ್ಕೃತದ ತನು ಅದರದ್ದೇ ಸಂಬಂಧ, ತೆಳ್ಳಗಿನವಳಿಗೆ ತನ್ವಿ ಅನ್ನುವುದು ಅದ್ರಿಂದಲೇ. ತೆಳುವಾಗುವುದು ಅಂತ ಮನಸ್ಸಿನಲ್ಲಿ ಇಟ್ಕೊಂಡ ಮೇಲೆ ನನಗೆ ಎಲ್ಲಾ ಕಡೆಯ ಅರ್ಥವೂ ಸಲೀಸಾಗಿ ಕೂತಿತು, ಜುಲೈ ಮಳೆಗೆ ಡಿಶ್ ಟಿವಿ ಚಿತ್ರ ಹೋಗುವುದೂ ಸೇರಿ, ಅಲ್ಲಿ ಮಳೆಹನಿಗಳು ಸಿಗ್ನಲನ್ನು ಹೀರಿ ಚೆದುರಿಸ್ತವೆ.

ಈಗ ಹೊಸ ಹುಡುಗರು ನನ್ನ ಜೊತೆ ಬರ್ತಾರೆ. ಎಲ್ಲಿ ಅಟೆನ್ಯುಯೇಟರ್ ಹಾಕಿದ್ರೂ ಪಕ್ಕದಲ್ಲಿ ಬಿಳಿ ಟೇಪ್ ಅಂಟಿಸಿ ಮಾರ್ಕರಿನಲ್ಲಿ ಬರೆಸ್ತೇನೆ: ಎಷ್ಟು ಡಿಬಿ, ಯಾವ ಎಸ್‌ಎಫ್‌ಪಿ, ಹಾಕಿದ ತಾರೀಕು, ಅದರ ಕೆಳಗೆ "ಬೇಕೂಂತ ಹಾಕಿದ್ದು, ತೆಗೀಬೇಡಿ". ಆ ಗೋಡೌನಿನ ರಾಕಿನಲ್ಲೂ ಆಮೇಲೆ ಹೋಗಿ ಅಂಟಿಸಿ ಬಂದಿದ್ದೇನೆ.