ಡಬ್ಬಿ ಮಾಂಸ: ತಿನ್ನುವುದೋ ಬಿಡುವುದೋ

ಡಬ್ಬಿಯಲ್ಲಿ ಬರುವ ಸಂಸ್ಕರಿತ ಮಾಂಸದ ಮಾತೆತ್ತಿದರೆ ಒಬ್ಬರು ಮೂಗು ಮುರಿಯುತ್ತಾರೆ, ಇನ್ನೊಬ್ಬರು ಬಾಯಿ ಚಪ್ಪರಿಸುತ್ತಾರೆ. ಎರಡನ್ನೂ ಒಟ್ಟಿಗೆ ಮಾಡುವವರೇ ಹೆಚ್ಚು ಅನ್ನುವುದು ನನ್ನ ಗುಮಾನಿ. ಈ ಗೊಂದಲಕ್ಕೆ ಒಂದು ಕಾರಣವಿದೆ. ಡಬ್ಬಿಯೊಳಗೆ ಎರಡು ಬೇರೆ ಬೇರೆ ಕೆಲಸ ನಡೆದಿರುತ್ತವೆ, ನಾವು ಅವನ್ನು ಒಂದೇ ಎಂದುಕೊಂಡಿರುತ್ತೇವೆ. ಮಾಂಸವನ್ನು ಗಾಳಿಯಾಡದಂತೆ ಮುಚ್ಚಿ ಬೇಯಿಸುವುದು ಒಂದು ಕೆಲಸ. ಉಪ್ಪು, ನೈಟ್ರೈಟ್ ಎಂಬ ಲವಣ ಬೆರೆಸಿ ಹದಗೊಳಿಸುವುದು ಇನ್ನೊಂದು. ಬೈಗುಳವೆಲ್ಲ ಮೊದಲನೆಯದಕ್ಕೆ ಬೀಳುತ್ತದೆ, ಬೀಳಬೇಕಾದ್ದು ಎರಡನೆಯದಕ್ಕೆ. ಸಂಕಟವೆಂದರೆ, ನಾಲಿಗೆಗೆ ಹಿಡಿಸುವ ರುಚಿಯೂ ಆ ಎರಡನೆಯದರದ್ದೇ.

ಮೊದಲು ಡಬ್ಬಿಯ ಪರವಾಗಿ ನಾಲ್ಕು ಮಾತು. ಆಹಾರವನ್ನು ಗಾಜಿನ ಬಾಟಲಿಯಲ್ಲಿ ಮುಚ್ಚಿ ಕುದಿಸಿದರೆ ಕೆಡುವುದಿಲ್ಲ ಎಂದು ತೋರಿಸಿದ ನಿಕೋಲಾ ಅಪೆರ್‌ಗೆ ಫ್ರಾನ್ಸ್ ಸರ್ಕಾರ 12,000 ಫ್ರಾಂಕ್ ಬಹುಮಾನ ಕೊಟ್ಟಿತು. 1810ರಲ್ಲಿ ಇಂಗ್ಲೆಂಡಿನ ಪೀಟರ್ ಡ್ಯುರಾಂಡ್ ತವರ ಬಳಿದ ಡಬ್ಬಿಗೂ ಸೇರಿಸಿ ಪೇಟೆಂಟ್ ಪಡೆದ. ಯಾಕೆ ಕೆಡುವುದಿಲ್ಲ ಎಂಬುದು ಆಗ ಇಬ್ಬರಿಗೂ ಗೊತ್ತಿರಲಿಲ್ಲ. ಈಗ ಗೊತ್ತು: ಮಾಂಸದ ಆಮ್ಲೀಯತೆ ತೀರಾ ಕಡಿಮೆ, ಅದರ ಪಿಎಚ್ 4.6ಕ್ಕಿಂತ ಮೇಲಿರುತ್ತದೆ (ಪಿಎಚ್ ಏರಿದಷ್ಟೂ ಆಮ್ಲೀಯತೆ ಕಡಿಮೆ). ಗಾಳಿಯಿಲ್ಲದ ಇಂಥ ಜಾಗದಲ್ಲಿ ಬಾಟ್ಯುಲಿಸಂ ಎಂಬ ಮಾರಕ ಆಹಾರವಿಷಬಾಧೆ ತರುವ ಬ್ಯಾಕ್ಟೀರಿಯಾ ಆರಾಮಾಗಿ ಬೆಳೆದು ವಿಷ ಉಗುಳುತ್ತದೆ. ಅದರ ಬೀಜಾಣುಗಳು 100 ಡಿಗ್ರಿ ಕುದಿನೀರಿಗೆ ಜಗ್ಗುವುದಿಲ್ಲ. ಹಾಗಾಗಿ ಕಾರ್ಖಾನೆಯಲ್ಲಿ ಒತ್ತಡದ ಹಬೆಯಲ್ಲಿ ಬೇಯಿಸುತ್ತಾರೆ. ಡಬ್ಬಿಯ ನಡುಮಧ್ಯದ ಮಾಂಸಕ್ಕೂ 121 ಡಿಗ್ರಿಯಲ್ಲಿ ಸುಮಾರು ಮೂರು ನಿಮಿಷ ಇಟ್ಟಷ್ಟು ಕಾವು ತಾಗಲೇಬೇಕು ಅನ್ನುವುದು ಕನಿಷ್ಠ ಲೆಕ್ಕ. ಮನೆಯಲ್ಲಿ ಮಾಂಸವನ್ನು ಬಾಟಲಿಗೆ ತುಂಬಿ ಪಾತ್ರೆಯ ನೀರಿನಲ್ಲಿ ಕುದಿಸಿ ಮುಚ್ಚಿಡುವ ಸಾಹಸ ಬೇಡ ಅನ್ನುವುದು ಇದಕ್ಕೇ.

ಇಷ್ಟು ಕಾವು ಸರಿಯಾಗಿ ಬಿದ್ದರೆ ಮಾಂಸ ಕೆಡದೆ ಉಳಿಯಲು ಬೇರೆ ರಾಸಾಯನಿಕವೇ ಬೇಡ. ಬರೀ ಕೋಳಿಮಾಂಸ, ನೀರು, ಉಪ್ಪು ಇರುವ ಡಬ್ಬಿಗಳು ವರ್ಷಗಟ್ಟಲೆ ನಿಲ್ಲುವುದು ಹೀಗೆ.

ತಪ್ಪುವುದು ಸಾಮಾನ್ಯವಾಗಿ ಬೇಯಿಸುವಲ್ಲಲ್ಲ, ಆಮೇಲೆ. 1964ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ 400ಕ್ಕೂ ಹೆಚ್ಚು ಜನ ಟೈಫಾಯ್ಡ್‌ನಿಂದ ಮಲಗಿದರು. ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಅರ್ಜೆಂಟೀನಾದ ಕಾರ್ನ್ಡ್ ಬೀಫ್ (ಉಪ್ಪಿನಲ್ಲಿ ಹದಗೊಳಿಸಿದ ದನದ ಮಾಂಸ) ಡಬ್ಬಿ. ಬಿಸಿ ಡಬ್ಬಿಗಳನ್ನು ಶುದ್ಧೀಕರಿಸದ ನದಿನೀರಿನಲ್ಲಿ ತಣಿಸಿದ್ದರು. ತಣಿಯುವಾಗ ಒಳಗೆ ಒತ್ತಡ ಇಳಿಯುತ್ತದೆ. ಅಂಚಿನ ಮಡಿಕೆಯಲ್ಲಿ ಕಣ್ಣಿಗೆ ಕಾಣದ ಸಂದು ಇದ್ದರೂ ಸಾಕು, ಡಬ್ಬಿ ಹೊರಗಿನ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಅಂಗಡಿಯ ಕೊಯ್ಯುವ ಯಂತ್ರದಿಂದ ಸೋಂಕು ಬೇರೆ ಮಾಂಸಕ್ಕೂ ಹರಡಿತು.

ಆದ್ದರಿಂದ ಕೊಳ್ಳುವಾಗ ನೋಡಬೇಕಾದ್ದು ಮಡಿಕೆಯನ್ನು. ಹೊಟ್ಟೆಯ ಭಾಗದಲ್ಲಿ ಸಣ್ಣ ತಗ್ಗು ಬಿದ್ದಿದ್ದರೆ ಚಿಂತೆಯಿಲ್ಲ. ಮೇಲಿನ ಅಥವಾ ಕೆಳಗಿನ ಅಂಚಿನ ಮೇಲೆ, ಇಲ್ಲವೇ ಪಕ್ಕದ ಬೆಸುಗೆಯ ಮೇಲೆ ತಗ್ಗಿದ್ದರೆ ಬೇಡ. ಮುಚ್ಚಳ ಉಬ್ಬಿದ್ದರೆ, ಒತ್ತಿದಾಗ ಟಕ್ ಎಂದು ಒಳಹೋಗಿ ಮತ್ತೆ ಮೇಲೆದ್ದರೆ, ತೆರೆದಾಗ ರಸ ಚಿಮ್ಮಿದರೆ ನಾಲಿಗೆಗೆ ಮುಟ್ಟಿಸಿ ಪರೀಕ್ಷಿಸಲೂ ಹೋಗದೆ ಹಾಗೇ ಕವರಿನಲ್ಲಿ ಕಟ್ಟಿ ಎಸೆಯಿರಿ. ಬಾಟ್ಯುಲಿಸಂ ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಒಳಗೋಡೆಯಲ್ಲಿ ಕಪ್ಪು ಕಲೆ ಕಂಡು ಗಾಬರಿಯಾಗುವವರಿದ್ದಾರೆ. ಅದು ಮಾಂಸದ ಪ್ರೋಟೀನಿನಲ್ಲಿರುವ ಗಂಧಕ ಲೋಹದೊಂದಿಗೆ ಸೇರಿ ಆದ ಕಲೆ, ಅಪಾಯವಿಲ್ಲ. ‘ಫ್ರಿಜ್‌ನಲ್ಲೇ ಇಡಿ’ ಎಂದು ಬರೆದ ದೊಡ್ಡ ಹ್ಯಾಮ್ (ಹದಗೊಳಿಸಿದ ಹಂದಿತೊಡೆ) ಡಬ್ಬಿಗಳು ಮಾತ್ರ ಬೇರೆ ಜಾತಿ. ಅವನ್ನು ಪೂರ್ತಿ ಕಾವಿಗೆ ಬೇಯಿಸಿರುವುದಿಲ್ಲ, ಕಪಾಟಿನಲ್ಲಿಟ್ಟರೆ ಕೆಡುತ್ತವೆ.

ಇನ್ನು ಎರಡನೆಯ ಕೆಲಸ. ಡಬ್ಬಿಯಲ್ಲಿ ಬರುವ ಹಂದಿಮಾಂಸದ ಇಟ್ಟಿಗೆ ಸ್ಪ್ಯಾಮ್ ಅನ್ನೇ ಉದಾಹರಣೆಗೆ ಹಿಡಿಯೋಣ. ಹಾರ್ಮೆಲ್ ಕಂಪನಿ ಇದನ್ನು 1937ರಲ್ಲಿ ಮಾರುಕಟ್ಟೆಗೆ ತಂದಿತು. ಚೀಟಿಯಲ್ಲಿರುವುದು ಆರೇ ಸಾಮಗ್ರಿ: ಹ್ಯಾಮ್ ಸೇರಿದ ಹಂದಿಮಾಂಸ, ಉಪ್ಪು, ನೀರು, ಮಾರ್ಪಡಿಸಿದ ಆಲೂಗಡ್ಡೆ ಪಿಷ್ಟ, ಸಕ್ಕರೆ, ಸೋಡಿಯಂ ನೈಟ್ರೈಟ್. ಅದರಲ್ಲಿ ಏನೇನೋ ಇರುತ್ತದೆ ಎಂಬ ಗಾಳಿಸುದ್ದಿಗೆ ಇಷ್ಟೇ ಉತ್ತರ. ರುಬ್ಬಿದ ಮಾಂಸಕ್ಕೆ ಉಪ್ಪು ಬೆರೆಸಿ ಕಲೆಸಿದಾಗ ಮಯೋಸಿನ್ ಎಂಬ ಪ್ರೋಟೀನ್ ಹೊರಬಂದು ಅಂಟಿನಂತೆ ಕೆಲಸ ಮಾಡುತ್ತದೆ, ಬೆಂದಾಗ ಗಟ್ಟಿಯಾಗಿ ಕೊಯ್ಯಲು ಬರುವ ಇಟ್ಟಿಗೆಯಾಗುತ್ತದೆ. ಮೊದಲೆಲ್ಲ ಡಬ್ಬಿ ತೆರೆದಾಗ ಮೇಲೆ ಲೋಳೆಯ ಪದರ ಇರುತ್ತಿತ್ತು. ನೀರನ್ನು ಹಿಡಿದಿಡಲು ಪಿಷ್ಟ ಸೇರಿಸಿದ ಮೇಲೆ ಅದು ಕಡಿಮೆಯಾಯಿತು. ಅಗ್ಗದ ವಿಯೆನ್ನಾ ಸಾಸೇಜಿನಂಥವುಗಳ ಕಥೆ ಬೇರೆ. ಅವುಗಳ ಚೀಟಿಯಲ್ಲಿ ‘ಯಂತ್ರದಿಂದ ಬೇರ್ಪಡಿಸಿದ’ ಮಾಂಸ ಎಂದಿರುವುದು ಹೆಚ್ಚು. ಮೂಳೆಗೆ ಅಂಟಿ ಉಳಿದದ್ದನ್ನು ಒತ್ತಡದಲ್ಲಿ ಹಿಂಡಿ ತೆಗೆದ ಹಿಟ್ಟಿನಂಥ ವಸ್ತು ಅದು. ತಿನ್ನಬಾರದ್ದೇನಲ್ಲ, ಆದರೆ ನನಗೆ ಅದರಲ್ಲಿ ಮಾಂಸದ ಎಳೆಯ ಸುಳಿವೇ ಸಿಗುವುದಿಲ್ಲ.

ಚೀಟಿಯ ಕೆಳಗಿನ ಲೆಕ್ಕ ಮುಖ್ಯ. 340 ಗ್ರಾಂ ಡಬ್ಬಿಯನ್ನು ಆರು ಪಾಲು ಮಾಡಿದರೆ ಒಂದು ಪಾಲು 56 ಗ್ರಾಂ. ಅದರಲ್ಲಿ 180 ಕ್ಯಾಲೊರಿ, 16 ಗ್ರಾಂ ಕೊಬ್ಬು, 7 ಗ್ರಾಂ ಪ್ರೋಟೀನ್, 790 ಮಿಲಿಗ್ರಾಂ ಸೋಡಿಯಂ. ಅಂದರೆ ಕ್ಯಾಲೊರಿಯ ಶೇ. 80 ಕೊಬ್ಬಿನಿಂದಲೇ. ‘ಪ್ರೋಟೀನಿಗಾಗಿ ತಿನ್ನುತ್ತೇನೆ’ ಎನ್ನುವವರು ಈ ಸಾಲನ್ನು ಇನ್ನೊಮ್ಮೆ ಓದಬೇಕು. ಆ ಸೋಡಿಯಂ ಸುಮಾರು 2 ಗ್ರಾಂ ಉಪ್ಪಿಗೆ ಸಮ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ. ಇಡೀ ಡಬ್ಬಿಯಲ್ಲಿ 12 ಗ್ರಾಂ ಇದೆ, ಎರಡು ದಿನಕ್ಕೂ ಮಿಕ್ಕ ಪಾಲು.

ನೈಟ್ರೈಟ್ ಯಾಕೆ? ಅದು ಮಾಂಸಕ್ಕೆ ಕೆಂಪು ಬಣ್ಣ ಕೊಡುವ ಮಯೋಗ್ಲೋಬಿನ್ ಜೊತೆ ಸೇರಿ ಬೆಂದ ಮೇಲೂ ಗುಲಾಬಿ ಬಣ್ಣ ಉಳಿಸುತ್ತದೆ, ಕೊಬ್ಬು ಕಮಟು ಹಿಡಿಯದಂತೆ ತಡೆಯುತ್ತದೆ, ಹ್ಯಾಮಿನ ಆ ವಿಶಿಷ್ಟ ರುಚಿ ಕೊಡುತ್ತದೆ. ಅದಿಲ್ಲದಿದ್ದರೆ ಅದೇ ಇಟ್ಟಿಗೆ ಬೂದು ಬಣ್ಣಕ್ಕೆ ತಿರುಗಿ, ಬೇಯಿಸಿದ ಸಾಧಾರಣ ಹಂದಿಮಾಂಸದ ರುಚಿ ಕೊಡುತ್ತಿತ್ತು. ತೊಂದರೆಯೆಂದರೆ ನೈಟ್ರೈಟ್‌ನಿಂದ ಹೊಟ್ಟೆಯಲ್ಲೂ ಜೋರು ಉರಿಯ ಬಾಣಲೆಯಲ್ಲೂ ನೈಟ್ರೊಸಮೈನ್‌ಗಳು ಹುಟ್ಟಬಹುದು. ಅವುಗಳಲ್ಲಿ ಹಲವು ಕ್ಯಾನ್ಸರ್‌ಕಾರಕ.

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಸಂಸ್ಕರಿತ ಮಾಂಸವನ್ನು ಮೊದಲನೆಯ ಗುಂಪಿಗೆ, ಅಂದರೆ ಕ್ಯಾನ್ಸರ್ ತರುತ್ತವೆ ಎಂದು ಖಚಿತವಾದವುಗಳ ಗುಂಪಿಗೆ ಸೇರಿಸಿತು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ‘ಹಾಗಾದರೆ ಎರಡೂ ಸಮ’ ಎಂದು ಸುದ್ದಿ ಓಡಾಡಿತು. ಆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಅಪಾಯದ ಅಂದಾಜು ಬೇರೆಯೇ ಇದೆ: ದಿನಾ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಸಾಧ್ಯತೆ ಶೇ. 18ರಷ್ಟು ಏರುತ್ತದೆ. ಜೀವಮಾನದಲ್ಲಿ ನೂರಕ್ಕೆ ಐವರಿಗೆ ಬರುವ ರೋಗ ಎಂದಿಟ್ಟುಕೊಂಡರೆ, ದಿನಾ ತಿನ್ನುವ ನೂರು ಜನರಲ್ಲಿ ಆರು ಮಂದಿಗೆ ಹತ್ತಿರವಾಯಿತು. ಇಲ್ಲಿ ‘ದಿನಾ’ ಎಂಬ ಪದವನ್ನು ಬಿಟ್ಟು ಓದಬೇಡಿ. ತಿಂಗಳಿಗೊಮ್ಮೆ ತಿನ್ನುವವರು ನಿದ್ದೆಗೆಡಬೇಕಿಲ್ಲ. ದಿನವೂ ಬೆಳಗಿನ ತಿಂಡಿಗೆ ಎರಡು ಹೋಳು ಹಾಕಿಕೊಳ್ಳುವವರು ಯೋಚಿಸಬೇಕು.

ತಿನ್ನುವುದಾದರೆ ಅಡುಗೆಯಲ್ಲಿ ಮಾಡಬಹುದಾದ್ದು ಕೆಲವಿವೆ. ಇಟ್ಟಿಗೆ ಹೊರಬರದಿದ್ದರೆ ಚಾಕು ತುರುಕಬೇಡಿ. ಡಬ್ಬಿಯನ್ನು ಅರ್ಧ ನಿಮಿಷ ಬಿಸಿನೀರಿನಲ್ಲಿ ನಿಲ್ಲಿಸಿ, ಅಂಚಿನ ಕೊಬ್ಬು ಕರಗಿದಾಗ ಪಕ್ಕಗಳನ್ನು ಮೆಲ್ಲಗೆ ಅದುಮಿ ಬೋರಲು ಹಾಕಿದರೆ ಜಾರಿ ಬರುತ್ತದೆ. ಕಾರ್ನ್ಡ್ ಬೀಫ್‌ಗೆ ಇದರ ತದ್ವಿರುದ್ಧ: ಹೋಳು ಮಾಡಬೇಕಿದ್ದರೆ ಡಬ್ಬಿಯನ್ನು ಕೆಲವು ಗಂಟೆ ಫ್ರಿಜ್‌ನಲ್ಲಿಡಬೇಕು. ಅದರ ಎಳೆಗಳನ್ನು ಹಿಡಿದಿರುವುದು ಹೆಪ್ಪುಗಟ್ಟಿದ ಕೊಬ್ಬು. ಬೆಚ್ಚಗಿದ್ದರೆ ಪುಡಿಪುಡಿ.

ಉಪ್ಪು ಇಳಿಸಲು 5 ಮಿಲಿಮೀಟರ್ ದಪ್ಪಕ್ಕೆ ಕೊಯ್ದು, ಹೋಳು ಮುಳುಗಿ ಎರಡು ಬೆರಳು ಮೇಲೆ ನಿಲ್ಲುವಷ್ಟು ನೀರಿನಲ್ಲಿ ಎರಡು-ಮೂರು ನಿಮಿಷ ಕುದಿಸಿ, ನೀರು ಚೆಲ್ಲಿ. ಒಂದಿಷ್ಟು ಉಪ್ಪೂ ಕೊಬ್ಬೂ ಹೋಗುತ್ತದೆ. ದಪ್ಪ ಹೋಳಾದರೆ ಹೊರಪದರದ ಉಪ್ಪು ಮಾತ್ರ ಹೋಗಿ ಒಳಗಿನದು ಹಾಗೇ ಉಳಿಯುತ್ತದೆ. ಆಮೇಲೆ ಬಟ್ಟೆಯಲ್ಲಿ ಒತ್ತಿ ಒರೆಸದೆ ಬಾಣಲೆಗೆ ಹಾಕಿದರೆ ಹುರಿಯುವ ಬದಲು ಬೇಯುತ್ತದೆ.

ಹುರಿಯಲು ಎಣ್ಣೆ ಬೇಡವೇ ಬೇಡ. ತಣ್ಣನೆಯ ಬಾಣಲೆಯಲ್ಲಿ ಹೋಳುಗಳನ್ನು ಒಂದಕ್ಕೊಂದು ತಾಗದಂತೆ ಹರಡಿ, ಮಧ್ಯಮ ಉರಿಯಲ್ಲಿಡಿ. ಅದರದ್ದೇ ಕೊಬ್ಬು ಬಿಡುತ್ತದೆ. ಒಂದೊಂದು ಬದಿಗೆ ಮೂರು-ನಾಲ್ಕು ನಿಮಿಷ, ಹೊಂಬಣ್ಣ ಬಂದಾಗ ಇಳಿಸಿ. ಉರಿ ಜೋರಾದರೆ ಒಳಗಿನ ಸಕ್ಕರೆ ಬೇಗ ಕಪ್ಪಾಗಿ ಕಹಿಯಾಗುತ್ತದೆ, ನೈಟ್ರೊಸಮೈನ್ ಹುಟ್ಟಲು ಬೇಕಾದ ಕಾವೂ ಸಿಗುತ್ತದೆ. ಕರಕಲಾದ ಅಂಚನ್ನು ಕತ್ತರಿಸಿ ತೆಗೆಯಿರಿ. ಜೊತೆಗೆ ಬೇಯಿಸುವ ತರಕಾರಿ, ಮೊಟ್ಟೆ, ಅನ್ನಕ್ಕೆ ಉಪ್ಪು ಹಾಕಬೇಡಿ. ಕೊನೆಯಲ್ಲಿ ರುಚಿ ನೋಡಿ ಬೇಕೆನಿಸಿದರೆ ಹಾಕಿದರಾಯಿತು, ಬೇಕೆನಿಸುವುದು ಅಪರೂಪ. ಹುಳಿ ಹಿಂಡಿದರೆ ಉಪ್ಪಿನ ಕೊರತೆ ಗೊತ್ತಾಗುವುದಿಲ್ಲ, ಕೊಬ್ಬಿನ ಜಿಡ್ಡೂ ಮುರಿಯುತ್ತದೆ.

ಉಳಿದದ್ದನ್ನು ತೆರೆದ ಡಬ್ಬಿಯಲ್ಲೇ ಬಿಟ್ಟರೆ ಲೋಹದ ಒಗರು ಹಿಡಿಯುತ್ತದೆ, ಮೇಲ್ಮೈ ಒಣಗುತ್ತದೆ. ಗಾಜಿನ ಡಬ್ಬಕ್ಕೆ ಹಾಕಿ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಮೂರು-ನಾಲ್ಕು ದಿನ. ಫ್ರೀಜರಿಗೆ ಹಾಕುವುದಾದರೆ ಹೋಳುಗಳ ನಡುವೆ ಕಾಗದ ಇಟ್ಟು ಹಾಕಿ. ಕರಗಿದಾಗ ನೀರು ಬಿಟ್ಟು ಸಡಿಲವಾಗಿರುತ್ತದೆ, ಹುರಿಯಲು ಸೊಗಸಿಲ್ಲ. ಸಣ್ಣಗೆ ಹೆಚ್ಚಿ ಅನ್ನ, ನೂಡಲ್ಸ್‌ಗೆ ಬೆರೆಸಲು ಅಡ್ಡಿಯಿಲ್ಲ. ಒಬ್ಬರೇ ಇರುವವರಿಗೆ ಇದೇ ಸರಿಯಾದ ದಾರಿ ಎನ್ನುತ್ತೇನೆ. ‘ತೆರೆದಾಯಿತಲ್ಲ, ಮುಗಿಸಿಬಿಡೋಣ’ ಎಂದು ಕುಳಿತರೆ ಆ 12 ಗ್ರಾಂ ಉಪ್ಪು ಒಂದೆರಡು ದಿನದಲ್ಲೇ ಒಬ್ಬರ ಹೊಟ್ಟೆ ಸೇರುತ್ತದೆ.