ಅಟ್ಟಕ್ಕೊಂದು ಲಿಫ್ಟ್: 1861ರ ಪೇಟೆಂಟ್ ಹಿಡಿದು ಇಲ್ಲಿಯವರೆಗೆ ಮಾಡಿದ ಕೆಲಸ

ಫೆಬ್ರವರಿ

ಸಕಲೇಶಪುರದ ಹತ್ತಿರ ನಮ್ಮ ಮನೆ. ಒಣಗಿದ ಕಾಫಿ, ಮೆಣಸು ಎಲ್ಲ ಮೂಟೆ ಕಟ್ಟಿ ಅಟ್ಟಕ್ಕೆ ಹಾಕುವುದು ಅಜ್ಜನ ಕಾಲದಿಂದ ಬಂದ ರೂಢಿ. ರಾಟೆಗೆ ಹಗ್ಗ ಹಾಕಿ ಕೆಳಗೆ ಇಬ್ಬರು ಎಳೆಯುತ್ತೇವೆ. ಮೇಲೆ ಒಬ್ಬರು ಹಿಡಿದು ಒಳಗೆ ಎಳೆದುಕೊಳ್ಳುತ್ತಾರೆ. ಈ ಸಲ ರೋಬಸ್ಟಾ ಮೂಟೆ ಏರಿಸುವಾಗ ಹಗ್ಗ ಕಿತ್ತುಹೋಯಿತು. 50 ಕೆಜಿ ಮೂಟೆ ಹತ್ತು ಅಡಿ ಮೇಲಿಂದ ಬಿತ್ತು. ತೋಟದ ಕೆಲಸಕ್ಕೆ ಬರುವ ಅಣ್ಣ ಒಬ್ಬರು ಆಗಷ್ಟೇ ಆ ಜಾಗದಿಂದ ಪಕ್ಕಕ್ಕೆ ಸರಿದಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹೊಸ ಹಗ್ಗ ತಂದರಾಯಿತು ಅಂದರು ಮನೆಯಲ್ಲಿ. ಹೊಸ ಹಗ್ಗವೂ ಒಂದು ದಿನ ಹಳೆಯದಾಗುತ್ತದೆ, ಅಲ್ವಾ? ಹಗ್ಗ ಕಿತ್ತರೂ ಮೂಟೆ ಬೀಳಬಾರದು. ನನಗೆ ಬೇಕಾಗಿದ್ದು ಅದು.

ಹುಡುಕುತ್ತಾ ಹೋದಾಗ ಸಿಕ್ಕಿದ್ದು ಎಲಿಷಾ ಓಟಿಸ್ ಅವರ ಪೇಟೆಂಟ್. ಅಮೆರಿಕದ ಪೇಟೆಂಟ್ ಸಂಖ್ಯೆ 31,128. ಜನವರಿ 15, 1861. ಗೂಗಲ್ ಪೇಟೆಂಟ್ಸ್‌ನಲ್ಲಿ ಸಂಖ್ಯೆ ಹಾಕಿದರೆ ಕೈಯಲ್ಲಿ ಬಿಡಿಸಿದ ಚಿತ್ರ ಸಮೇತ ಉಚಿತವಾಗಿ ಸಿಗುತ್ತದೆ. ಹಗ್ಗದಲ್ಲಿ ಭಾರ ಎತ್ತುವುದು ಓಟಿಸ್‌ಗಿಂತ ಎಷ್ಟೋ ಮುಂಚಿನದು. ಅವರು ಸೇರಿಸಿದ್ದು ಬೀಳದಂತೆ ತಡೆಯುವ ಭಾಗವನ್ನು. 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ತಾವೇ ಹಲಗೆಯ ಮೇಲೆ ನಿಂತು, ಜನರ ಎದುರು ಹಗ್ಗ ಕಡಿಸಿದರು. ಹಲಗೆ ಸ್ವಲ್ಪ ಜಾರಿ ಅಲ್ಲೇ ನಿಂತಿತು.

ಉಪಾಯ ಸರಳ. ಹಲಗೆಯ ಎರಡೂ ಕಡೆ ಹಲ್ಲು ಹಲ್ಲಾದ ಕಂಬ. ಹಗ್ಗವನ್ನು ನೇರವಾಗಿ ಹಲಗೆಗೆ ಕಟ್ಟುವುದಿಲ್ಲ, ಮೇಲಿರುವ ಸ್ಪ್ರಿಂಗಿಗೆ ಕಟ್ಟುತ್ತಾರೆ. ಹಗ್ಗ ಬಿಗಿಯಾಗಿರುವಷ್ಟು ಹೊತ್ತು ಸ್ಪ್ರಿಂಗ್ ಬಗ್ಗಿರುತ್ತದೆ. ಹಗ್ಗ ಕಿತ್ತರೆ ಸ್ಪ್ರಿಂಗ್ ಚಾಚಿಕೊಂಡು ತುದಿಗಳು ಹಲ್ಲಿಗೆ ಸಿಕ್ಕಿಕೊಳ್ಳುತ್ತವೆ. ಹಲಗೆಯ ಭಾರವೇ ಬೀಗವನ್ನು ತೆರೆದು ಇಟ್ಟಿರುತ್ತದೆ. ಇದು ಅರ್ಥವಾದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಇನ್ನೊಬ್ಬರ ಪೇಟೆಂಟ್ ನೋಡಿ ನಾವು ಮಾಡಬಹುದಾ ಅಂತ ಕೇಳುವವರಿಗೆ: ನಮ್ಮ 1970ರ ಪೇಟೆಂಟ್ ಕಾಯ್ದೆಯ ಪ್ರಕಾರ ಈಗ ಪೇಟೆಂಟ್ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಆಮೇಲೆ ಅದು ಎಲ್ಲರದ್ದು. ಹಕ್ಕು ಕೇಳುವವರು ಅದು ಹೇಗೆ ಕೆಲಸ ಮಾಡುತ್ತದೆ ಎಂದು ಪೂರ್ತಿ ಬರೆದು ಕೊಡಲೇಬೇಕು. ಹಾಗಾಗಿಯೇ 1861ರಲ್ಲಿ ಬರೆದಿಟ್ಟದ್ದು ಇವತ್ತು ನಮ್ಮ ಕಣದಲ್ಲಿ ಉಪಯೋಗಕ್ಕೆ ಬಂತು.

ಮಾರ್ಚ್

ಓಟಿಸ್ ಬಳಸಿದ್ದು ಕುದುರೆ ಗಾಡಿಯ ಕಮಾನು ಪಟ್ಟಿ ಎಂದು ಓದಿದ್ದೆ. ಮಲೆನಾಡಿನಲ್ಲಿ ಜೀಪಿನ ಪಟ್ಟಿಗೆ ಬರವೇ? ಗುಜರಿಯಿಂದ ಒಂದು ತಂದೆ. ತೋಟದ್ದೇ ಸಿಲ್ವರ್ ಓಕ್ ಕಡಿಸಿ ಕಂಬ ಮಾಡಿದೆ. ಕಂಬದಲ್ಲೇ ಉಳಿಯಿಂದ ಹಲ್ಲು ಕೆತ್ತಿದೆ, 5 ಸೆಂ.ಮೀ.ಗೆ ಒಂದರಂತೆ.

ಖಾಲಿ ಹಲಗೆ ಕೆಳಗೆ ಇಳಿಯಲೇ ಇಲ್ಲ. ಜೀಪಿನ ಪಟ್ಟಿ ಬಗ್ಗಬೇಕಾದರೆ ಬಹಳ ಭಾರ ಬೇಕು. ನನ್ನ ಹಲಗೆಯ ತೂಕ ಬರೀ 18 ಕೆಜಿ. ಪಟ್ಟಿ ಬಗ್ಗದಿದ್ದರೆ ಬೀಗ ತೆರೆಯುವುದಿಲ್ಲ. ಎರಡು ವಾರ ಕಳೆದ ಮೇಲೆ ಪಟ್ಟಿ ತೆಗೆದು ಬೇರೆ ದಾರಿ ಹಿಡಿದೆ. ಮಧ್ಯದಲ್ಲಿ ಒಂದು ಸರಳು, ಅದರಿಂದ ಎರಡು ಕಡೆಗೆ ಸನ್ನೆಗೋಲು, ತುದಿಯಲ್ಲಿ ಕಬ್ಬಿಣದ ನಾಲಿಗೆ. ನಾಲಿಗೆಯನ್ನು ಹೊರಗೆ ತಳ್ಳಲು ಬೈಕಿನ ಸೈಡ್ ಸ್ಟ್ಯಾಂಡ್ ಸ್ಪ್ರಿಂಗ್ ಎರಡು. ಸ್ಪ್ರಿಂಗ್ ತಕ್ಕಡಿ ಹಾಕಿ ನೋಡಿದೆ: ನಾಲಿಗೆ ಪೂರ್ತಿ ಒಳಗೆ ಬರಲು 12 ಕೆಜಿ ಎಳೆತ ಸಾಕು. ಹಲಗೆಯದು 18. ಲೆಕ್ಕ ಸರಿಹೋಯಿತು.

ಏಪ್ರಿಲ್

ಲಿಫ್ಟ್ ಕೆಲಸ ನಿಂತಿತ್ತು. ಅಜ್ಜಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಬಾಡಿಗೆಗೆ ತಂದ ಮಡಚುವ ಗಾಲಿಕುರ್ಚಿ ಒಂದು ಕಡೆ ವಾಲುತ್ತಿತ್ತು. ಇದಕ್ಕೂ ಪೇಟೆಂಟ್ ಹುಡುಕಿದೆ. ಎವರೆಸ್ಟ್ ಮತ್ತು ಜೆನ್ನಿಂಗ್ಸ್, 1937. ಎವರೆಸ್ಟ್ ಗಣಿ ಅಪಘಾತದಲ್ಲಿ ನಡೆಯುವ ಶಕ್ತಿ ಕಳೆದುಕೊಂಡವರು, ಅವರ ಎಂಜಿನಿಯರ್ ಗೆಳೆಯರೇ ಜೆನ್ನಿಂಗ್ಸ್. ಕಾರಿನಲ್ಲಿ ಇಟ್ಟುಕೊಂಡು ಹೋಗುವಂಥ ಕುರ್ಚಿ ಬೇಕೆಂದು ಇಬ್ಬರೂ ಸೇರಿ ಮಾಡಿದ್ದು. ಸೀಟಿನ ಕೆಳಗೆ ಕತ್ತರಿಯ ಹಾಗೆ ಎರಡು ಪೈಪ್. ಕೂತವರ ಭಾರಕ್ಕೆ ಕತ್ತರಿ ಇನ್ನೂ ಅಗಲವಾಗುತ್ತದೆ, ಹಾಗಾಗಿ ಕುರ್ಚಿ ತಾನಾಗಿ ಮಡಚಿಕೊಳ್ಳುವುದಿಲ್ಲ. ಇಲ್ಲಿಯೂ ಭಾರವೇ ಕೆಲಸ ಮಾಡುತ್ತದೆ ನೋಡಿ! ಹಾಗಾದರೆ ಮಧ್ಯದ ಬೋಲ್ಟ್ ನೋಡಬೇಕು ಅನ್ನಿಸಿತು. ನೋಡಿದರೆ ಸವೆದು ಹೋಗಿತ್ತು. ಹೊಸದು ಹಾಕಿದೆ. ಅಜ್ಜಿ ಈಗ ಅದರಲ್ಲಿ ಕೂತೇ ಜಗಲಿಗೆ ಬರುತ್ತಾರೆ.

ಮೇ

ಬೀಳಿಸಿ ನೋಡುವ ಪರೀಕ್ಷೆ. ಗೋಣಿಚೀಲದಲ್ಲಿ 60 ಕೆಜಿ ಮರಳು, ಕೆಳಗೆ ಹಳೆ ಟಯರ್. ಒಳ್ಳೆಯ ಹಗ್ಗ ಹಾಳಾಗಬಾರದೆಂದು ಕೊನೆಯ ಒಂದು ಅಡಿ ಮಾತ್ರ ಸೆಣಬಿನ ಹಗ್ಗ ಸೇರಿಸಿ, ಅದನ್ನು ಕತ್ತಿಯಿಂದ ಕಡಿದೆ.

ಮೊದಲ ಸಲ ನಾಲಿಗೆ ಹಲ್ಲಿಗೆ ಸಿಕ್ಕಿತು, ಹಲ್ಲೇ ಕಿತ್ತು ಬಂತು. ಸಿಲ್ವರ್ ಓಕ್ ಮೆದು ಮರ. ಹಲ್ಲುಗಳು ಸಾಲಾಗಿ ಸೀಳಿಕೊಂಡು ಮೂಟೆ ಟಯರಿನ ಮೇಲೆ ಬಿತ್ತು. ಬಾಳ್ಳುಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ 6 ಮಿ.ಮೀ. ಕಬ್ಬಿಣದ ಪಟ್ಟಿಯಲ್ಲಿ ಹಲ್ಲು ಕೊಯ್ಯಿಸಿ, ಕಂಬಕ್ಕೆ ಬೋಲ್ಟ್ ಹಾಕಿ ಕೂರಿಸಿದೆ. ಕಂಬ ದಾರಿ ತೋರಿಸಿದರೆ ಸಾಕು, ಭಾರ ಕಬ್ಬಿಣ ಹೊರಲಿ.

ಎರಡನೇ ಸಲ ನಿಂತಿತು. 6 ಸೆಂ.ಮೀ. ಇಳಿದು ಗಕ್ಕನೆ ನಿಂತಿತು. ಅಂಗಳದಲ್ಲಿ ಇದ್ದವರೆಲ್ಲ ಚಪ್ಪಾಳೆ ಹೊಡೆದರು. ಮುಂದೆ 4, ಆಮೇಲೆ 9. ಆ 9 ಯಾಕೆ ಎಂದು ಬಿಚ್ಚಿ ನೋಡಿದೆ. ನಾಲಿಗೆಯ ತುದಿ ಗುಂಡಗಾಗಿ ಒಂದು ಹಲ್ಲಿನ ಮೇಲೆ ಜಾರಿ ಮುಂದಿನದಕ್ಕೆ ಹೋಗಿತ್ತು. ತುದಿ ಚಪ್ಪಟೆ ಮಾಡಿ ಉಜ್ಜಿದ ಮೇಲೆ ಐದು ಸಲ ಬೀಳಿಸಿದೆ. 7 ಸೆಂ.ಮೀ. ದಾಟಲಿಲ್ಲ.

ಜುಲೈ

ಮಳೆ ಹಿಡಿದ ಮೇಲೆ ಹೊಸ ತೊಂದರೆ. ಕಂಬದ ಮರ ಉಬ್ಬಿದೆ. ಖಾಲಿ ಹಲಗೆ ಇಳಿಯುವಾಗ ಕಂಬಕ್ಕೆ ಒತ್ತಿಕೊಂಡು ನಿಲ್ಲುತ್ತದೆ, ಹಗ್ಗ ಸಡಿಲವಾಗುತ್ತದೆ, ನಾಲಿಗೆ ಟಕ್ ಅಂತ ಸಿಕ್ಕಿಕೊಳ್ಳುತ್ತದೆ. ಬಿಡಿಸಲು ಮತ್ತೆ ಮೇಲೆ ಎಳೆಯಬೇಕು. ಕಿರಿಕಿರಿ ನಿಜ. ಆದರೆ ತಪ್ಪಿದರೂ ನಿಲ್ಲುವ ಕಡೆಗೇ ತಪ್ಪುತ್ತಿದೆ, ಅದು ನನಗೆ ಸಮಾಧಾನ. ಸಂದು ಎರಡೂ ಕಡೆ 4 ಮಿ.ಮೀ. ಜಾಸ್ತಿ ಮಾಡಿ, ಮೇಣ ಹಚ್ಚಿದ್ದೇನೆ.

ಕರೆಂಟ್ ಇಲ್ಲದ ಸಂಜೆಗಳಲ್ಲಿ ಮುಂದಿನದ್ದು ಯೋಚಿಸುತ್ತಿದ್ದೇನೆ. ನಮ್ಮ ದೇಶದಲ್ಲಿ 1856ರ ಪೇಟೆಂಟ್ ಕಾಯ್ದೆ ಬಂದಾಗ ಮೊದಲು ಹಕ್ಕು ಕೇಳಿದ್ದು ಕಲ್ಕತ್ತದ ಎಂಜಿನಿಯರ್ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್, ಪಂಖಾ ಎಳೆಯುವ ಯಂತ್ರಕ್ಕೆ. ಕೋಣೆಯ ಬೀಸಣಿಗೆಯನ್ನು ಆಳಿನ ಬದಲು ಯಂತ್ರ ಎಳೆಯಲಿ ಎಂದು. ಅದರ ಸಣ್ಣ ಮಾದರಿ ಒಂದು ಮಾಡಬೇಕೆಂಬ ಆಸೆ ಇದೆ.

ಅದಕ್ಕೆ ಮುಂಚೆ ಲಿಫ್ಟಿಗೆ ಬ್ರೇಕ್ ಆಗಬೇಕು. ಈಗ ಇರುವುದು ಹಗ್ಗ ಕಿತ್ತರೆ ಹಿಡಿಯುತ್ತದೆ. ಎಳೆಯುವವರ ಕೈ ಜಾರಿ ಹಗ್ಗ ಓಡಿದರೆ, ರಾಟೆಯ ಉಜ್ಜಾಟಕ್ಕೆ ಸ್ವಲ್ಪ ಬಿಗಿ ಉಳಿದು ನಾಲಿಗೆ ಹೊರಗೆ ಬರದೆಯೂ ಹೋಗಬಹುದು. ಹಳೆ ಸ್ಕೂಟರಿನ ಬ್ರೇಕ್ ಡ್ರಮ್ ತಂದಿಟ್ಟಿದ್ದೇನೆ. ಅರೇಬಿಕಾ ಕೊಯ್ಲಿಗೆ ಮುಂಚೆ ಕೂರಿಸಬೇಕು. ಅಲ್ಲಿಯವರೆಗೆ ಹಲಗೆಯ ಮೇಲೆ ಮೂಟೆ ಮಾತ್ರ, ಮನುಷ್ಯರು ಹತ್ತುವಂತಿಲ್ಲ ಎಂದು ಕಂಬದ ಮೇಲೆ ಸುಣ್ಣದಲ್ಲಿ ಬರೆದಿದ್ದೇನೆ.