ಬ್ಯಾಕ್ ಒತ್ತಿದ್ರೆ ಹುಡುಕಿದ್ದೆಲ್ಲ ಮಾಯ

ಲೈಬ್ರರಿಗಳಲ್ಲಿ ಪುಸ್ತಕ ಹುಡುಕೋಕೆ ಬೇಕಾದ ವೆಬ್ ಸಾಫ್ಟ್‌ವೇರನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಮಗೆ ಬರುವ ದೂರುಗಳಲ್ಲಿ ಒಂದು ತೀರಾ ಮಾಮೂಲಿ: "ಸರ್, ಬ್ಯಾಕ್ ಒತ್ತಿದ್ರೆ ಹುಡುಕಿದ್ದೆಲ್ಲ ಹೋಗ್ಬಿಡುತ್ತೆ." ಕ್ಯಾಶ್ (ಬ್ರೌಸರ್ ಉಳಿಸಿಟ್ಟುಕೊಂಡ ಪುಟಗಳ ನಕಲು) ಕ್ಲಿಯರ್ ಮಾಡಿ ನೋಡಿ ಅಂತ ಹೇಳಿ ಇದನ್ನು ಮುಗಿಸಿಬಿಡುವವರು ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ತೊಂದರೆ ಬಹಳ ಸಲ ಬ್ರೌಸರಿನದ್ದಲ್ಲ, ವೆಬ್‌ಸೈಟಿನದ್ದು.

ಒಂದು ಕೃಷಿ ಕಾಲೇಜಿನ ಲೈಬ್ರರಿಯಿಂದ ಇದೇ ದೂರು ಮತ್ತೆ ಮತ್ತೆ ಬರುತ್ತಿತ್ತು. ನಮ್ಮ ಆಫೀಸಿನಲ್ಲಿ ನೋಡಿದರೆ ಎಲ್ಲಾ ಸರಿ. ಹುಡುಕು, ಪುಸ್ತಕ ತೆರೆ, ಬ್ಯಾಕ್ ಒತ್ತು, ಪಟ್ಟಿ ಇದ್ದ ಹಾಗೇ ಇದೆ. ಫೋನಿನಲ್ಲಿ ಬಗೆಹರಿಯಲಿಲ್ಲ. ಅಲ್ಲಿಗೇ ಹೋಗಿ ಕೌಂಟರ್ ಪಕ್ಕ ಕೂತೆ.

ಒಬ್ಬ ಹುಡುಗ "ರಾಗಿ" ಅಂತ ಟೈಪ್ ಮಾಡಿದ. ಭಾಷೆ ಕನ್ನಡ ಅಂತ ಆರಿಸಿದ, ವರ್ಷ ಆರಿಸಿದ, ಮೂರನೇ ಪುಟಕ್ಕೆ ಹೋಗಿ ಒಂದು ಪುಸ್ತಕ ತೆರೆದ. ಪುಸ್ತಕ ಕಪಾಟಿನಲ್ಲಿ ಎಲ್ಲಿದೆ ಅಂತ ತಿಳಿಸುವ ಕಾಲ್ ನಂಬರ್ ಬರೆದುಕೊಂಡು ಕಪಾಟಿನ ಕಡೆ ಹೋದ. ಪುಸ್ತಕ ಜಾಗದಲ್ಲಿರಲಿಲ್ಲ. ಸುಮಾರು ಕಾಲು ಗಂಟೆ ಹುಡುಕಾಡಿ ಬಂದು ಬ್ಯಾಕ್ ಒತ್ತಿದ. ಪಟ್ಟಿ ಇಲ್ಲ. ಫಾರ್ಮನ್ನು ಮತ್ತೆ ಕಳಿಸಬೇಕಾಗುತ್ತದೆ ಅನ್ನೋ ಸಂದೇಶ ಮಾತ್ರ.

ಕೀಬೋರ್ಡ್ ಪಕ್ಕದಲ್ಲಿ ಚೀಟಿಗಳ ಒಂದು ಕಟ್ಟು ಇತ್ತು. ಲೈಬ್ರರಿ ಮೇಡಂ ಹಳೇ ಕಾಗದ ಕತ್ತರಿಸಿ ಮಾಡಿಟ್ಟದ್ದು. ಹುಡುಕಿದ ಪದ, ವರ್ಷ, ಪುಟ ಎಷ್ಟನೆಯದು, ಎಲ್ಲ ಬರೆದುಕೊಳ್ಳೋಕೆ. "ಇದರಲ್ಲಿ ಬರ್ಕೊಂಡು ಆಮೇಲೆ ಕ್ಲಿಕ್ ಮಾಡಪ್ಪ" ಅಂತ ಬಂದವರಿಗೆಲ್ಲ ಹೇಳುತ್ತಿದ್ದರು. ಕಂಪ್ಯೂಟರ್ ನೆನಪಿಟ್ಟುಕೊಳ್ಳಬೇಕಾದ್ದನ್ನು ಅವರು ಪೆನ್ನಿನಲ್ಲಿ ಬರೆಸುತ್ತಿದ್ದರು. ನನಗೆ ತುಂಬಾ ಬೇಜಾರಾಯಿತು.

ಆಫೀಸಿಗೂ ಅಲ್ಲಿಗೂ ಇದ್ದ ವ್ಯತ್ಯಾಸ ಆ ಕಾಲು ಗಂಟೆ. ನಾವು ಟೆಸ್ಟ್ ಮಾಡುವಾಗ ಎರಡೇ ಸೆಕೆಂಡಿಗೆ ಬ್ಯಾಕ್ ಒತ್ತುತ್ತೇವೆ. ಈಗಿನ ಬ್ರೌಸರ್‌ಗಳು ಬಿಟ್ಟುಬಂದ ಪುಟವನ್ನು ಇದ್ದ ಹಾಗೇ ಮೆಮೊರಿಯಲ್ಲಿ ಹಿಡಿದಿಟ್ಟಿರುತ್ತವೆ. ಇದಕ್ಕೆ ಬ್ಯಾಕ್/ಫಾರ್ವರ್ಡ್ ಕ್ಯಾಶ್, ಚಿಕ್ಕದಾಗಿ ಬಿಎಫ್‌ಕ್ಯಾಶ್ ಅಂತಾರೆ. ಫೈರ್‌ಫಾಕ್ಸ್‌ನಲ್ಲಿ ಇದು 2005ರಿಂದಲೇ ಇದೆ, ಡೆಸ್ಕ್‌ಟಾಪ್ ಕ್ರೋಮ್‌ಗೆ ಬಂದಿದ್ದು 2021ರಲ್ಲಿ. ಆದರೆ ಇದು ಶಾಶ್ವತ ಅಲ್ಲ. ಕೆಲವು ನಿಮಿಷ ಕಳೆದರೆ ಆ ಪುಟ ಹೋಗುತ್ತದೆ. ರ್‍ಯಾಮ್ ಕಡಿಮೆ ಇದ್ದರೆ ಇನ್ನೂ ಬೇಗ ಹೋಗುತ್ತದೆ. ಸರ್ವರ್ 'ನೋ-ಸ್ಟೋರ್' (ಈ ಪುಟ ಇಟ್ಟುಕೊಳ್ಳಬೇಡ) ಅಂತ ಹೇಳಿಬಿಟ್ಟಿದ್ದರೆ ಕೆಲವು ಸಲ ಇಟ್ಟುಕೊಳ್ಳುವುದೇ ಇಲ್ಲ. ಲೈಬ್ರರಿಯಲ್ಲಿದ್ದದ್ದು ಹಳೇ ಕಂಪ್ಯೂಟರ್. ಕಪಾಟು ಸುತ್ತಿ ಬರುವಷ್ಟರಲ್ಲಿ ಪಟ್ಟಿ ಮೆಮೊರಿಯಲ್ಲಿ ಉಳಿದಿರುತ್ತಿರಲಿಲ್ಲ.

ಮೆಮೊರಿಯಲ್ಲಿ ಇಲ್ಲ ಅಂದಮೇಲೆ ಬ್ರೌಸರ್ ಸರ್ವರನ್ನು ಮತ್ತೆ ಕೇಳಬೇಕು. ಏನಂತ ಕೇಳುತ್ತೆ? ಅಲ್ಲಿನ ಸರ್ಚ್ ಫಾರ್ಮ್ 'ಪೋಸ್ಟ್' ರೀತಿಯದ್ದು. ಅಂದರೆ ತುಂಬಿದ್ದು ಒಳಗೊಳಗೇ ಸರ್ವರಿಗೆ ಹೋಗುತ್ತದೆ, ಹುಡುಕಿದ ಪದ ಅಡ್ರೆಸ್ ಬಾರ್‌ನಲ್ಲಿ ಎಲ್ಲೂ ಇರುವುದಿಲ್ಲ. ಪೋಸ್ಟ್ ಅಂದರೆ ಹಣ ಕಟ್ಟುವುದು, ಅರ್ಜಿ ಸಲ್ಲಿಸುವುದು ಇಂಥದ್ದೂ ಆಗಿರಬಹುದು. ಅದು ಎರಡು ಸಲ ಆಗಿಬಿಡಬಾರದು, ಅದಕ್ಕೇ ಬ್ರೌಸರ್ ಕೇಳದೆ ಮತ್ತೆ ಕಳಿಸಲ್ಲ. ಬ್ರೌಸರ್ ಮಾಡಿದ್ದು ಸರಿಯಾಗೇ ಇದೆ, ಅಲ್ವಾ?

ಫಾರ್ಮನ್ನು, ಹುಡುಕಿದ ಪದ ಅಡ್ರೆಸ್‌ನಲ್ಲೇ ಹೋಗುವ 'ಗೆಟ್' ರೀತಿಗೆ ಬದಲಾಯಿಸಿದ್ದೇ ಅರ್ಧ ಸಮಸ್ಯೆ ಮುಗಿಯಿತು. ಇನ್ನರ್ಧ ಫಿಲ್ಟರ್‌ಗಳದ್ದು. ಭಾಷೆ, ವರ್ಷ ಆರಿಸಿದಾಗ ಜಾವಾಸ್ಕ್ರಿಪ್ಟ್ (ಪುಟದೊಳಗೇ ಓಡುವ ಕೋಡ್) ಪಟ್ಟಿಯನ್ನಷ್ಟೇ ಬದಲಿಸುತ್ತಿತ್ತು, ಅಡ್ರೆಸ್ ಹಾಗೇ ಇರುತ್ತಿತ್ತು. ಅವನ್ನೂ, ಪುಟದ ಸಂಖ್ಯೆಯನ್ನೂ ಅಡ್ರೆಸ್‌ಗೆ ತಂದೆವು. ಇದಕ್ಕೆ ಬ್ರೌಸರಿನಲ್ಲಿ 'ಪುಶ್‌ಸ್ಟೇಟ್' ಇದೆ, ಅದು ಹೊಸ ಅಡ್ರೆಸ್ಸನ್ನು ಹಿಸ್ಟರಿಗೆ ಸೇರಿಸುತ್ತದೆ. ಆದರೆ ಟೈಪ್ ಮಾಡುವ ಒಂದೊಂದು ಅಕ್ಷರಕ್ಕೂ ಅದನ್ನು ಬಳಸಿದರೆ, ಹಿಂದೆ ಹೋಗೋಕೆ ಅಷ್ಟೇ ಸಲ ಬ್ಯಾಕ್ ಒತ್ತಬೇಕಾಗುತ್ತದೆ. ಅಲ್ಲಿ ಈಗಿನ ಅಡ್ರೆಸ್ಸನ್ನಷ್ಟೇ ಬದಲಿಸುವ 'ರಿಪ್ಲೇಸ್‌ಸ್ಟೇಟ್' ಸಾಕು. ಹಾಗೇ ಬ್ಯಾಕ್ ಒತ್ತಿದಾಗ ಬ್ರೌಸರ್ ಕೊಡುವ 'ಪಾಪ್‌ಸ್ಟೇಟ್' ಸೂಚನೆಯನ್ನು ಕೇಳಿಸಿಕೊಳ್ಳುವ ಕೋಡ್ ಇರಲೇಬೇಕು. ಇಲ್ಲದಿದ್ದರೆ ಬ್ಯಾಕ್ ಒತ್ತಿದಾಗ ಅಡ್ರೆಸ್ ಮಾತ್ರ ಬದಲಾಗಿ ಪಟ್ಟಿ ನಿಂತಲ್ಲೇ ನಿಲ್ಲುತ್ತದೆ.

ಇದಾದ ಮೇಲೆ ಮೇಡಂ ಫೋನ್ ಮಾಡಿದರು. ಲಿಂಕ್ ಕಾಪಿ ಮಾಡಿ ಕಳಿಸಿದರೆ ಏನೇನೋ ಬರ್ತಿದೆ, ವೈರಸ್ಸಾ ಅಂತ ಕೇಳಿದರು. ಗಾಬರಿ ಬೇಡ ಅಂದೆ. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಸ್ವರಚಿಹ್ನೆ ಅಕ್ಷರಗಳನ್ನು ಕಂಪ್ಯೂಟರಿಗೆ ಸಂಖ್ಯೆಯಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟ್. ಲಿಂಕಿನಲ್ಲಿ ಒಂದು ಬೈಟಿಗೆ ಶೇಕಡಾ ಗುರುತೂ ಸೇರಿ ಮೂರು ಚಿಹ್ನೆ. ಹಾಗಾಗಿ "ರಾಗಿ" ಅನ್ನೋ ಪುಟ್ಟ ಪದ 36 ಚಿಹ್ನೆಗಳ ಸಾಲಾಗುತ್ತದೆ. ನೋಡೋಕೆ ವಿಚಿತ್ರ, ಕೆಲಸ ಮಾತ್ರ ಸರಿಯಾಗಿ ಮಾಡುತ್ತದೆ.

ಒಂದು ಎಚ್ಚರಿಕೆ. ಅಡ್ರೆಸ್‌ನಲ್ಲಿರುವುದೆಲ್ಲ ಬ್ರೌಸರ್ ಹಿಸ್ಟರಿಯಲ್ಲಿ ಉಳಿಯುತ್ತದೆ. ಲೈಬ್ರರಿ ಕಂಪ್ಯೂಟರನ್ನು ಹತ್ತಾರು ಜನ ಬಳಸುತ್ತಾರೆ, ಯಾರು ಏನು ಹುಡುಕಿದರು ಅಂತ ಮುಂದೆ ಕೂತವರಿಗೆ ಕಾಣಬಾರದು. ಬ್ರೌಸರ್ ಮುಚ್ಚಿದಾಗ ಹಿಸ್ಟರಿ ಅಳಿಯುವ ಹಾಗೆ ಸೆಟ್ ಮಾಡಿಸಿದೆವು. ಪಾಸ್‌ವರ್ಡ್ ಇರುವ ಫಾರ್ಮ್ ಪೋಸ್ಟ್‌ನಲ್ಲೇ ಇರಬೇಕು.

ನಿಮ್ಮಲ್ಲೂ ಈ ದೂರು ಬಂದರೆ ಮೊದಲು ಫಲಿತಾಂಶದ ಪುಟದ ಲಿಂಕನ್ನು ಕಾಪಿ ಮಾಡಿ ಬೇರೆ ಬ್ರೌಸರಿಗೆ ಹಾಕಿ ನೋಡಿ. ಅದೇ ಪಟ್ಟಿ, ಅದೇ ಫಿಲ್ಟರ್, ಅದೇ ಪುಟ ಬರದಿದ್ದರೆ ಕಾರಣ ಅಲ್ಲೇ ಇದೆ. ಬಂದರೆ, ಕ್ರೋಮ್‌ನ ಡೆವ್‌ಟೂಲ್ಸ್‌ನಲ್ಲಿ (ಪುಟಗಳನ್ನು ಪರೀಕ್ಷಿಸುವ ಸಾಧನ) ಅಪ್ಲಿಕೇಶನ್ ಟ್ಯಾಬ್ ತೆರೆದು ಬ್ಯಾಕ್/ಫಾರ್ವರ್ಡ್ ಕ್ಯಾಶ್ ಟೆಸ್ಟ್ ಓಡಿಸಿ. ಪುಟ ಮೆಮೊರಿಯಲ್ಲಿ ಯಾಕೆ ಉಳಿಯಲಿಲ್ಲ ಅನ್ನೋದನ್ನು ಅದೇ ಹೇಳುತ್ತದೆ.